ಬುಟ್ಟಿ ಕಟ್ಟಿದ ಮೇಷ್ಟ್ರು

ಮಧುಗಿರಿಯ ಗ್ರಂಥಾಲಯದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಜೇಮ್ಸ್ ನೈಸ್ಮಿತ್ ಗೊತ್ತು. ಗೊತ್ತು ಅಂದರೆ ಹೆಸರು ಗೊತ್ತು, ಅಷ್ಟೇ. ಸಾಮಾನ್ಯ ಜ್ಞಾನದ ದಪ್ಪ ಗೈಡಿನಲ್ಲಿ ಯಾವ ಆಟವನ್ನು ಯಾರು ಕಂಡುಹಿಡಿದರು ಅನ್ನೋ ಪಟ್ಟಿ ಇರುತ್ತದಲ್ಲ, ಅದರಲ್ಲಿ ಬಾಸ್ಕೆಟ್‌ಬಾಲ್ ಎದುರಿಗೆ ಆತನ ಹೆಸರು, ಪಕ್ಕದಲ್ಲಿ 1891. ಒಂದು ಮಾರ್ಕಿನ ಮನುಷ್ಯ. ನಾನೂ ಆ ಸಾಲಿನ ಕೆಳಗೆ ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ಯಾಕೆಂದರೆ ಆ ಆಟ ನನಗೆ ಒಂದು ಮಾರ್ಕಿನದ್ದಲ್ಲ.

ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯಾದರೂ ಶಾಲೆಗಳ ಲೆಕ್ಕಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಬೇರೆಯೇ ಜಿಲ್ಲೆ. ಹಾಗಾಗಿ ಹೈಸ್ಕೂಲಿನಲ್ಲಿ ನಮಗೆ ಎದುರಾಳಿಗಳು ಅಂದರೆ ಈ ನಾಲ್ಕು ಕಡೆಯ ಹುಡುಗಿಯರೇ. ಪಾವಗಡದವರು ಕಬಡ್ಡಿಗೆ ಇಳಿದರೆ ನಮಗೆ ಎದೆ ಡವಡವ. ಕೊರಟಗೆರೆಯವರ ಖೊಖೊ ನೋಡೋಕೇ ಚಂದ. ಥ್ರೋಬಾಲ್‌ಗಂತೂ ತಂಡಗಳ ಸಾಲೇ ಸಾಲು. ಬಾಸ್ಕೆಟ್‌ಬಾಲ್‌ಗೆ ಮಾತ್ರ ನಾನಿದ್ದ ವರ್ಷ ಹುಡುಗಿಯರ ಎರಡೇ ತಂಡ, ನಮ್ಮದು ಮತ್ತು ಶಿರಾದ ಒಂದು ಶಾಲೆಯದು. ಮೊದಲ ಪಂದ್ಯವೇ ಫೈನಲ್. ಸೋತರೂ ಎರಡನೇ ಸ್ಥಾನದ ಸರ್ಟಿಫಿಕೇಟ್ ಗ್ಯಾರಂಟಿ. ನಾವು ಸೋತೆವು. ಸರ್ಟಿಫಿಕೇಟ್ ಇನ್ನೂ ಟ್ರಂಕಿನಲ್ಲಿದೆ.

ನಮ್ಮೂರಲ್ಲಿ ಅಭ್ಯಾಸಕ್ಕೆ ರಿಂಗ್ ಇರಲಿಲ್ಲ. ಕಡಲೆಕಾಯಿ ತುಂಬುತ್ತಿದ್ದ ಹಳೇ ಮಂಕರಿಯೊಂದರ ತಳ ಕಿತ್ತುಹೋಗಿತ್ತು. ಅದನ್ನು ಕಣದ ಪಕ್ಕದ ಬೇವಿನಮರಕ್ಕೆ ತಂತಿಯಲ್ಲಿ ಬಿಗಿದು ಕಟ್ಟಿದ್ದೆ. ಸಂಜೆ ಬಸ್ಸಿಳಿದು ಮನೆಗೆ ಬಂದವಳೇ ಬ್ಯಾಗ್ ಎಸೆದು ಅಲ್ಲಿಗೆ ಓಡುತ್ತಿದ್ದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ನಡೆದು ನಮ್ಮ ಮಹಿಳಾ ತಂಡ ಬಿ ಡಿವಿಷನ್ ಗೆದ್ದಾಗ ನಾನು ಒಂಬತ್ತನೇ ಕ್ಲಾಸು. ಪಿ.ಟಿ. ಸರ್ ಫೋನಿನಲ್ಲಿ ತೋರಿಸಿದ ತುಣುಕುಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅಂದಿನಿಂದ ನಾನು ಈ ಆಟದ ಹುಚ್ಚು ಅಭಿಮಾನಿ.

ಅದೇ ಹುರುಪಿನಲ್ಲಿ ಕ್ರೀಡಾ ವಸತಿ ನಿಲಯವೊಂದರ ಆಯ್ಕೆಗೆ ಹೋದೆ. ಅಲ್ಲಿ ಮೊದಲು ಗೋಡೆಗೆ ಒರಗಿಸಿ ನಿಲ್ಲಿಸಿದರು, ಎತ್ತರ ಅಳೆದರು. ಐದು ಅಡಿ ಎರಡು ಇಂಚು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅಡ್ಡಗೆರೆ ಬಿತ್ತು. ಚೆಂಡು ಮುಟ್ಟುವ ಅವಕಾಶವೂ ಸಿಗಲಿಲ್ಲ. ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಮಧುಗಿರಿ ಬೆಟ್ಟ ಕಾಣಿಸಿತು. ಒಂದೇ ಕಲ್ಲಿನ ಅಷ್ಟು ದೊಡ್ಡ ಬೆಟ್ಟ ಅವತ್ತು ನನ್ನನ್ನೇ ಅಣಕಿಸಿದಂತೆ ಅನಿಸಿತು. ಪ್ರತಿಭೆ ಅನ್ನೋದು ಮೂಳೆಯಲ್ಲೇ ಬರೆದಿರುತ್ತದೆ, ನನಗೆ ಬರೆದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಪಿಯುಸಿ, ಆಮೇಲೆ ಪದವಿ, ಆಮೇಲೆ ಎಫ್‌ಡಿಎ, ಎಸ್‌ಡಿಎ ಅಂತ ಪುಸ್ತಕಗಳ ರಾಶಿ. ಆಟ ಬಿಟ್ಟೇ ಹೋಯಿತು.

ಹಾಗಿರುವಾಗ ಗೈಡಿನ ಆ ಒಂದು ಸಾಲು ಕಣ್ಣಿಗೆ ಬಿತ್ತು. ಈ ಎತ್ತರದ ಬುಟ್ಟಿ ಕಟ್ಟಿ ನನ್ನಂಥವರ ಹೊಟ್ಟೆ ಉರಿಸಿದ ಪುಣ್ಯಾತ್ಮ ಯಾರು ನೋಡೋಣ ಅಂತ ಹುಡುಕಲು ಶುರು ಮಾಡಿದೆ. ಜಗಳವಾಡುವ ಮನಸ್ಸಿನಿಂದ ಹೊರಟವಳು ಕೊನೆಗೆ ಅವರನ್ನು ನೈಸ್ಮಿತ್ ಮೇಷ್ಟ್ರು ಅಂತ ಕರೆಯುವ ಹಂತಕ್ಕೆ ಬಂದೆ. ಅವರ ಕಥೆಯನ್ನು ನನ್ನ ಹಾಗೆಯೇ ಅರ್ಜಿ, ಹಾಲ್ ಟಿಕೆಟ್, ಕೀ ಉತ್ತರಗಳ ನಡುವೆ ಬದುಕುತ್ತಿರುವ ಗೆಳೆಯ ಗೆಳತಿಯರಿಗೆ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಜೇಮ್ಸ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಎಂಬ ಸಣ್ಣ ಊರಿನ ಹತ್ತಿರ. ಒಂಬತ್ತು ವರ್ಷಕ್ಕೆ ತಬ್ಬಲಿ. 1870ರಲ್ಲಿ ಟೈಫಾಯ್ಡ್ ಬಂದು ಅಪ್ಪ, ಅಮ್ಮ ಇಬ್ಬರನ್ನೂ ಬೆನ್ನುಬೆನ್ನಿಗೇ ಕೊಂಡೊಯ್ದಿತು. ಮಕ್ಕಳನ್ನು ಅಜ್ಜಿ ಮತ್ತು ಸೋದರಮಾವ ಪೀಟರ್ ಯಂಗ್ ಸಾಕಿದರು. ಮಾವನದು ಹೊಲ, ಕುದುರೆ, ಬೆಳಗಿನಿಂದ ಸಂಜೆಯವರೆಗೆ ದುಡಿಮೆ. ಮಾತು ಕಡಿಮೆ, ಶಿಸ್ತು ಜಾಸ್ತಿ. ಒಮ್ಮೆ ಹುಡುಗ ಹೆಪ್ಪುಗಟ್ಟಿದ ಹೊಳೆಯ ಮೇಲೆ ಕುದುರೆಗಳನ್ನು ದಾಟಿಸುವಾಗ ಮಂಜುಗಡ್ಡೆ ಒಡೆಯಿತು. ಒದ್ದಾಡಿ, ಏಗಿ, ಕುದುರೆಗಳನ್ನು ದಡಕ್ಕೆ ಎಳೆದು ತಂದು ಉಸಿರು ಬಿಟ್ಟು ನೋಡಿದರೆ ಮಾವ ಮರಗಳ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಸಹಾಯಕ್ಕೆ ಬಂದಿರಲಿಲ್ಲ. ತಾನೇ ದಾರಿ ಹುಡುಕಿಕೊಳ್ಳಲಿ ಅನ್ನುವುದು ಆ ಮನೆಯ ಪಾಠ. ನಮ್ಮ ಕಡೆಯ ಮಾವಂದಿರು ಹಾಗೆ ಸುಮ್ಮನೆ ನಿಂತಿರುತ್ತಿರಲಿಲ್ಲ ಬಿಡಿ, ಊರೆಲ್ಲ ಸೇರಿಸುತ್ತಿದ್ದರು.

ಅಂಗಡಿಯಿಂದ ಸ್ಕೇಟ್ಸ್ ತರುವಷ್ಟು ದುಡ್ಡು ಇರಲಿಲ್ಲ. ಹುಡುಗ ಹಳೇ ಅರಗಳನ್ನು ಮರದ ಪಟ್ಟಿಗೆ ಕೂರಿಸಿ ತಾನೇ ಸ್ಕೇಟ್ಸ್ ಮಾಡಿಕೊಂಡ. ಇದನ್ನು ಓದಿದಾಗ ನನ್ನ ಮಂಕರಿ ನೆನಪಾಗದೆ ಇರಲಿಲ್ಲ.

ಆ ಊರಿನ ಮಕ್ಕಳು ಕಮ್ಮಾರನ ಕುಲುಮೆಯ ಹತ್ತಿರದ ಬಂಡೆಯ ಬಳಿ ಒಂದು ಕಲ್ಲಾಟ ಆಡುತ್ತಿದ್ದರು. ಬಂಡೆಯ ಮೇಲೊಂದು ಸಣ್ಣ ಕಲ್ಲು. ಅದಕ್ಕೊಬ್ಬ ಕಾವಲುಗಾರ. ಉಳಿದವರು ದೂರದಿಂದ ತಮ್ಮ ಕಲ್ಲೆಸೆದು ಅದನ್ನು ಬೀಳಿಸಬೇಕು, ಆಮೇಲೆ ಕಾವಲುಗಾರನ ಕೈಗೆ ಸಿಗದೆ ತಮ್ಮ ಕಲ್ಲನ್ನು ಎತ್ತಿಕೊಂಡು ಓಡಿ ಬರಬೇಕು. ನಮ್ಮ ಲಗೋರಿಯ ದೂರದ ದಾಯಾದಿ ಅನ್ನಿ. ಇದರಲ್ಲಿ ಒಂದು ಗುಟ್ಟಿತ್ತು. ಜೋರಾಗಿ, ನೇರವಾಗಿ ಎಸೆದರೆ ಗುರಿ ತಪ್ಪಿದ ಕಲ್ಲು ಎಲ್ಲೋ ದೂರ ಹೋಗಿ ಬೀಳುತ್ತದೆ. ಅದನ್ನು ತರುವಷ್ಟರಲ್ಲಿ ಸಿಕ್ಕಿಬೀಳುತ್ತೀರಿ. ಮೆಲ್ಲಗೆ, ಕಮಾನಿನಂತೆ ಮೇಲಕ್ಕೆತ್ತಿ ಎಸೆದರೆ ಕಲ್ಲು ಬಂಡೆಯ ಪಕ್ಕದಲ್ಲೇ ಬೀಳುತ್ತದೆ. ಬಲಕ್ಕಿಂತ ಹದ ಮುಖ್ಯ ಅನ್ನೋದನ್ನು ಆ ಹುಡುಗ ಕಲಿತದ್ದು ಶಾಲೆಯಲ್ಲಲ್ಲ, ಈ ಬಂಡೆಯ ಹತ್ತಿರ. ಬಂಡೆಗಳಿಗೆ ನಮ್ಮ ಮಧುಗಿರಿ, ಪಾವಗಡದಲ್ಲೂ ಬರವಿಲ್ಲ. ಅಲ್ಲೂ ಎಷ್ಟು ಮಕ್ಕಳು ಇಂಥದ್ದೇ ಗುಟ್ಟು ಕಲಿತಿದ್ದಾರೋ, ಕೇಳಿದವರಿಲ್ಲ.

ಹದಿನೈದನೇ ವಯಸ್ಸಿಗೆ ಜೇಮ್ಸ್ ಶಾಲೆ ಬಿಟ್ಟ. ಮರ ಕಡಿಯುವ ಕ್ಯಾಂಪುಗಳಲ್ಲಿ ಕೂಲಿ. ಹೀಗೇ ಕೆಲವು ವರ್ಷ ಕಳೆಯಿತು. ಇಪ್ಪತ್ತರ ಆಸುಪಾಸಿನಲ್ಲಿ, ತನಗಿಂತ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂರಲು ಮತ್ತೆ ಹೈಸ್ಕೂಲಿಗೆ ಬಂದ. ಅದನ್ನು ಮುಗಿಸಿ 1883ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದ. ಗ್ಯಾಪ್ ಆಗಿದೆ, ವಯಸ್ಸು ಮೀರುತ್ತಿದೆ ಅಂತ ರಾತ್ರಿ ನಿದ್ದೆಗೆಡುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬೇಕು. ನಾನು ಓದಿದೆ.

ಕಾಲೇಜಿನಲ್ಲಿ ಅವರು ಒಳ್ಳೆಯ ಆಟಗಾರ. ಜಿಮ್ನಾಸ್ಟಿಕ್ಸ್, ಫುಟ್‌ಬಾಲ್, ಲಕ್ರಾಸ್ ಎಲ್ಲದರಲ್ಲೂ ಮುಂದು. ಮನೆಯವರ ಆಸೆ ಮಾತ್ರ ಬೇರೆ, ಹುಡುಗ ಪಾದ್ರಿಯಾಗಬೇಕು. ನೈಸ್ಮಿತ್ ಪದವಿಯ ನಂತರ ದೇವತಾಶಾಸ್ತ್ರವನ್ನೂ ಓದಿ 1890ರಲ್ಲಿ ಮುಗಿಸಿದರು. ಆದರೆ ಆ ಹೊತ್ತಿಗೆ ಮನಸ್ಸು ಬೇರೆ ದಾರಿ ಹಿಡಿದಿತ್ತು. ಒಮ್ಮೆ ಫುಟ್‌ಬಾಲ್ ಆಟದ ಬಿಸಿಯಲ್ಲಿ ಜೊತೆಗಾರನೊಬ್ಬ ಕೆಟ್ಟ ಮಾತು ಆಡಿ, ಪಕ್ಕದಲ್ಲಿ ನೈಸ್ಮಿತ್ ಇದ್ದದ್ದನ್ನು ನೋಡಿ ನಾಚಿ ಕ್ಷಮೆ ಕೇಳಿದ. ಅವರು ಅವನಿಗೆ ಯಾವತ್ತೂ ಬುದ್ಧಿ ಹೇಳಿರಲಿಲ್ಲ. ಜೊತೆಗೆ ಆಡಿದ್ದರು ಅಷ್ಟೇ. ಮನುಷ್ಯರನ್ನು ತಿದ್ದಲು ಪೀಠವೇ ಬೇಕಿಲ್ಲ, ಮೈದಾನವೂ ಸಾಕು ಅನ್ನೋದು ಅವರಿಗೆ ಹೊಳೆದದ್ದು ಹಾಗೆ. ಪಾದ್ರಿ ಕೆಲಸ ಹಿಡಿಯದೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಹೊರಟರು.

ಮನೆಯಲ್ಲಿ ಬೇಜಾರಾಯಿತು. ಸೋದರಿ ಆನಿಗಂತೂ ಆ ನೋವು ಎಂದೂ ಆರಲಿಲ್ಲ. ತಮ್ಮ ಮನೆಯ ಹುಡುಗ ದೇವರ ಕೆಲಸ ಬಿಟ್ಟು ಆಟ ಆಡಿಸಲು ಹೋದ ಅನ್ನೋ ಕೊರಗು ವರ್ಷಗಳ ನಂತರವೂ ಹಾಗೇ ಇತ್ತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಬಿ.ಪಿ.ಇಡಿ. ಮಾಡ್ತೀನಿ ಅಂದಾಗ ನಮ್ಮಮ್ಮನ ಮುಖವೂ ಹಾಗೇ ಆಗಿತ್ತು. ಹುಡುಗಿ ವಿಷಲ್ ಊದಿಕೊಂಡು ಬಿಸಿಲಲ್ಲಿ ನಿಲ್ಲೋದಾ, ಅದಕ್ಕಾ ಇಷ್ಟು ಓದಿಸಿದ್ದು ಅನ್ನೋ ಪ್ರಶ್ನೆ ಆ ಮುಖದಲ್ಲಿತ್ತು. ಮೈದಾನದ ಕೆಲಸವನ್ನು ಕೆಲಸ ಅಂತ ಒಪ್ಪಿಕೊಳ್ಳಲು ಮನೆಗಳಿಗೆ ಎಲ್ಲ ಕಡೆಯೂ ಎಲ್ಲ ಕಾಲದಲ್ಲೂ ಕಷ್ಟವೇ ಇರಬೇಕು.

ಈಗ ಆ ಪ್ರಸಿದ್ಧ ಚಳಿಗಾಲಕ್ಕೆ ಬರೋಣ. 1891. ನೈಸ್ಮಿತ್ ಅದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಹೊರಗೆ ಹಿಮ. ಫುಟ್‌ಬಾಲ್ ಮುಗಿದಿತ್ತು, ಬೇಸ್‌ಬಾಲ್ ಶುರುವಾಗಲು ತಿಂಗಳುಗಳಿದ್ದವು. ಒಳಾಂಗಣದಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸುವ ಕವಾಯತು ಬಿಟ್ಟರೆ ಬೇರೇನಿಲ್ಲ. ಆಡಳಿತದ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದ 18 ಜನರ ಒಂದು ತರಗತಿ ಇತ್ತು. ದೊಡ್ಡವರು, ಮೀಸೆ ಬಂದವರು. ಅವರಿಗೆ ಈ ಕವಾಯತು ಅಂದರೆ ಅಲರ್ಜಿ. ಇಬ್ಬರು ಮೇಷ್ಟ್ರು ಆಗಲೇ ಕೈಚೆಲ್ಲಿದ್ದರು. ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್ ತಲೆಗೆ ಕಟ್ಟಿದರು. ಚಳಿಗಾಲದಲ್ಲಿ ಒಳಗೇ ಆಡಬಹುದಾದ ಹೊಸ ಆಟವೊಂದನ್ನು ಹುಡುಕಲು ಹದಿನಾಲ್ಕು ದಿನದ ಗಡುವು.

ಮೊದಲ ಸುಮಾರು ಎರಡು ವಾರ ಎಲ್ಲ ಪ್ರಯತ್ನವೂ ಸೋತಿತು. ಫುಟ್‌ಬಾಲ್ ಒಳಗೆ ಆಡಿಸಿದರೆ ಬಿದ್ದು ಪೆಟ್ಟು. ಕಾಲ್ಚೆಂಡು ಒದೆಸಿದರೆ ಕಿಟಕಿ ಗಾಜಿಗೆ ಆಪತ್ತು. ಲಕ್ರಾಸ್ ಕೋಲುಗಳಿಗೆ ಜಾಗ ಸಾಲದು. ಗಡುವು ಮುಗಿಯುವ ಹೊತ್ತಿಗೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಹೊಸ ಆಟ ಹುಡುಕುವುದನ್ನು ಬಿಟ್ಟು, ಇರುವ ಆಟಗಳಲ್ಲಿ ಏನು ತೊಂದರೆ ಅಂತ ಒಂದೊಂದಾಗಿ ಬಿಡಿಸಿ ನೋಡಿದರು. ಗಣಿತದ ಲೆಕ್ಕ ಬಿಡಿಸಿದ ಹಾಗೆ.

ಒಂದು, ಚೆಂಡು ದೊಡ್ಡದಿರಬೇಕು. ಬ್ಯಾಟು, ಕೋಲು ಬೇಡ. ಯಾರು ಬೇಕಾದರೂ ಕೈಯಲ್ಲಿ ಹಿಡಿಯುವಂತಿರಬೇಕು. ಎರಡು, ಆಟಗಾರರು ಒಬ್ಬರನ್ನೊಬ್ಬರು ಕೆಡವುವುದು ಯಾಕೆ? ಚೆಂಡು ಹಿಡಿದು ಓಡುತ್ತಾರೆ, ಅದಕ್ಕೆ. ಓಡುವುದನ್ನೇ ನಿಷೇಧಿಸಿದರೆ ಕೆಡವುವ ಅಗತ್ಯವೇ ಇಲ್ಲ. ಮೂರು, ಗೋಲು ಎದುರಿಗೆ ನೆಟ್ಟಗಿದ್ದರೆ ಎಲ್ಲರೂ ಜೋರಾಗಿ ಹೊಡೆಯುತ್ತಾರೆ. ಅದರ ಬಾಯಿ ಆಕಾಶ ನೋಡುತ್ತಿದ್ದರೆ? ಆಗ ಜೋರು ನಡೆಯುವುದಿಲ್ಲ. ಮೆಲ್ಲಗೆ ಮೇಲಕ್ಕೆತ್ತಿ ಎಸೆಯಲೇಬೇಕು. ಕುಲುಮೆಯ ಹತ್ತಿರದ ಬಂಡೆ ಇಪ್ಪತ್ತು ವರ್ಷ ಕಳೆದು ಕೆಲಸಕ್ಕೆ ಬಂದಿತ್ತು. ಆ ಗೋಲನ್ನು ತಲೆಗಿಂತ ಮೇಲಿಟ್ಟರೆ ಎದುರಾಳಿಗಳು ಸುತ್ತ ಗುಂಪುಗಟ್ಟಿ ಅಡ್ಡ ನಿಲ್ಲಲೂ ಆಗದು.

ಮರುದಿನ ಜವಾನ ಸ್ಟೆಬಿನ್ಸ್ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣಿನ ಎರಡು ಬುಟ್ಟಿ ಇದ್ದವು. ಅವನ್ನೇ ಒಳಾಂಗಣದ ಎರಡೂ ಬದಿಯ ಬಾಲ್ಕನಿಯ ಕಂಬಿಗೆ ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇವತ್ತಿಗೂ ದೊಡ್ಡವರ ಪಂದ್ಯಗಳಲ್ಲಿ ರಿಂಗಿನ ಎತ್ತರ ಹತ್ತು ಅಡಿ. ಅಂದರೆ, ನನ್ನನ್ನು ಇಷ್ಟು ವರ್ಷ ಕಾಡಿದ ಎತ್ತರ ಯಾವ ದೇವರು ಬರೆದ ಅಳತೆಯೂ ಅಲ್ಲ. ಬಾಲ್ಕನಿ ಎಂಟು ಅಡಿಯಲ್ಲಿದ್ದಿದ್ದರೆ ರಿಂಗೂ ಎಂಟು ಅಡಿಗೇ ಇರುತ್ತಿತ್ತೋ ಏನೋ! ನಗು ಬಂತು. ಸ್ವಲ್ಪ ಹಗುರವೂ ಆಯಿತು.

13 ನಿಯಮಗಳನ್ನು ಬರೆದು, ಟೈಪ್ ಮಾಡಿಸಿ, ನೋಟಿಸ್ ಬೋರ್ಡಿಗೆ ಅಂಟಿಸಿದರು. 1891ರ ಡಿಸೆಂಬರ್ 21ರಂದು ಒಂದೊಂದು ಕಡೆ ಒಂಬತ್ತು ಜನರಂತೆ ಮೊದಲ ಆಟ ನಡೆಯಿತು. ಚೆಂಡು ಫುಟ್‌ಬಾಲಿನದು. ಹದಿನೈದು ಹದಿನೈದು ನಿಮಿಷದ ಎರಡು ಅವಧಿ. ಬಿದ್ದದ್ದು ಒಂದೇ ಒಂದು ಗೋಲು, ವಿಲಿಯಂ ಚೇಸ್ ಎಂಬ ವಿದ್ಯಾರ್ಥಿಯದು. ಬುಟ್ಟಿಗೆ ತಳ ಇತ್ತಾದ್ದರಿಂದ ಒಳಗೆ ಬಿದ್ದ ಚೆಂಡನ್ನು ಮೇಲೆ ಹತ್ತಿ ತೆಗೆಯಬೇಕಿತ್ತು. ಈ ಒಂದು ವಿಷಯದಲ್ಲಿ ನನ್ನ ತಳ ಕಿತ್ತ ಮಂಕರಿ ಅವರಿಗಿಂತ ಮುಂದಿತ್ತು ಅಂತ ಹೆಮ್ಮೆಯಿಂದ ಹೇಳಬಲ್ಲೆ. ಆಟಕ್ಕೆ ನೈಸ್ಮಿತ್ ಹೆಸರನ್ನೇ ಇಡೋಣ ಅಂತ ಫ್ರಾಂಕ್ ಮಹಾನ್ ಎಂಬ ವಿದ್ಯಾರ್ಥಿ ಹೇಳಿದಾಗ ಮೇಷ್ಟ್ರು ನಕ್ಕು ತಳ್ಳಿಹಾಕಿದರು. ಬುಟ್ಟಿ ಇದೆ, ಚೆಂಡಿದೆ, ಅದೇ ಹೆಸರಾಗಲಿ ಎಂದು ಸೂಚಿಸಿದವನೂ ಅದೇ ಹುಡುಗ.

ನೆನಪಿಡಿ, ಈ ಆಟ ಹುಟ್ಟಿದ್ದು ಪ್ರತಿಭಾವಂತರಿಗಾಗಿ ಅಲ್ಲ. ಆರು ಅಡಿಯವರನ್ನು ಆರಿಸಿ ಕಟ್ಟಿದ ತಂಡಕ್ಕಾಗಿ ಅಲ್ಲ. ಕ್ಲಾಸಿನಲ್ಲಿ ಬೇಸರಗೊಂಡು ಕೂತಿದ್ದ ಹದಿನೆಂಟು ಜನರಿಗಾಗಿ. ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದವರಿಗೆ ಇದು ಗೊತ್ತಿದ್ದಿದ್ದರೆ ಒಂದು ಸಲ ಚೆಂಡನ್ನಾದರೂ ಕೈಗೆ ಕೊಡುತ್ತಿದ್ದರೇನೋ.

ಸ್ವಲ್ಪ ದಿನಕ್ಕೇ ಹತ್ತಿರದ ಶಾಲೆಯ ಶಿಕ್ಷಕಿಯರು ಊಟದ ಬಿಡುವಿನಲ್ಲಿ ಆಟ ನೋಡಲು ಬರತೊಡಗಿದರು. ನಾವೂ ಆಡಬಹುದಾ ಅಂತ ವಿಚಾರಿಸಿದರು. ಆಗಿನ ಕಾಲ, ಉದ್ದನೆಯ ಲಂಗ, ಬಿಗಿಯಾದ ಉಡುಪು. ಹೆಂಗಸರು ಬೆವರುವುದನ್ನೇ ತಪ್ಪು ಎನ್ನುವವರಿದ್ದರು. ನೈಸ್ಮಿತ್ ಬೇಡ ಎನ್ನಲಿಲ್ಲ. ಹಾಗೆ ಮೊದಮೊದಲು ಆಡಿದ ಹುಡುಗಿಯರಲ್ಲಿ ಮಾಡ್ ಶರ್ಮನ್ ಒಬ್ಬರು. 1894ರಲ್ಲಿ ಮೇಷ್ಟ್ರು ಅವರನ್ನೇ ಮದುವೆಯಾದರು. ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ವಿದ್ಯಾರ್ಥಿನಿಯರಿಗೆ ಇದೇ ಆಟ ಕಲಿಸಿದರು. ಆಟಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ ಹೆಣ್ಣುಮಕ್ಕಳು ಅದರೊಳಗಿದ್ದರು. ಮುಂದೆ ಕೆನಡಾದ ಎಡ್ಮಂಟನ್ ಗ್ರಾಡ್ಸ್ ಎಂಬ ಹುಡುಗಿಯರ ತಂಡ ದಶಕಗಳ ಕಾಲ ಗೆಲ್ಲುತ್ತಲೇ ಹೋದಾಗ ಅದನ್ನು ಮನಸಾರೆ ಮೆಚ್ಚಿಕೊಂಡವರಲ್ಲಿ ನೈಸ್ಮಿತ್ ಕೂಡ ಇದ್ದರು.

ಆಟ ಹರಡಿದ್ದು ಬೆಂಕಿಯಂತೆ. ತರಬೇತಿ ಮುಗಿಸಿದ ವಿದ್ಯಾರ್ಥಿಗಳು ಹೋದಲ್ಲೆಲ್ಲ ಬುಟ್ಟಿ ಕಟ್ಟಿದರು. ಮೊದಲ ಆಟದಲ್ಲಿದ್ದ ಡಂಕನ್ ಪ್ಯಾಟನ್ ಕೆಲವೇ ವರ್ಷಗಳಲ್ಲಿ ಅದನ್ನು ಭಾರತಕ್ಕೆ ತಂದರು. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಅದು ಮುಂದೆ ಕಾಲೇಜಾಗಿ, ದಕ್ಷಿಣದ ಎಷ್ಟೋ ಡ್ರಿಲ್ ಮೇಷ್ಟ್ರುಗಳನ್ನು ತಯಾರಿಸಿತು. ಆಟದಲ್ಲೂ ಬದಲಾವಣೆಗಳಾದವು. ಬಾಲ್ಕನಿಯಲ್ಲಿ ಕೂತ ಪ್ರೇಕ್ಷಕರು ಕೈಚಾಚಿ ಚೆಂಡು ತಳ್ಳುತ್ತಿದ್ದರಂತೆ, ಅದನ್ನು ತಪ್ಪಿಸಲು ಬುಟ್ಟಿಯ ಹಿಂದೆ ಹಲಗೆ ಬಂತು. ಚೆಂಡು ಹಿಡಿದು ಓಡಬಾರದು ಅನ್ನೋ ನಿಯಮಕ್ಕೆ ಆಟಗಾರರು ನೆಲಕ್ಕೆ ಕುಟ್ಟುತ್ತಾ ಓಡುವ ಉಪಾಯ ಹುಡುಕಿದರು, ಡ್ರಿಬ್ಲಿಂಗ್ ಹುಟ್ಟಿತು. ಕೊನೆಗೆ ತಂಡಕ್ಕೆ ಐದು ಜನ ಅಂತ ನಿಗದಿಯಾಯಿತು.

ಇಷ್ಟಾದರೂ ನೈಸ್ಮಿತ್ ಆ ಆಟದಿಂದ ದುಡ್ಡು ಮಾಡಲು ಹೋಗಲಿಲ್ಲ. ಡೆನ್ವರ್‌ಗೆ ಹೋಗಿ ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರ್ ಆದರು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಪ್ರಾರ್ಥನೆ ನಡೆಸುವುದೂ ಅವರೇ, ದೈಹಿಕ ಶಿಕ್ಷಣ ಕಲಿಸುವುದೂ ಅವರೇ. ಮೊದಲ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿಗೆ ಹೋಗಿ ಸೈನಿಕರ ನಡುವೆ ಕೆಲಸ ಮಾಡಿ ಬಂದರು. ಉಳಿದಂತೆ ಬದುಕಿಡೀ ಅಲ್ಲೇ ಮೇಷ್ಟ್ರು.

ಆ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಮೊದಲ ಕೋಚ್ ಅವರು. ಅವರ ಲೆಕ್ಕ ಹೀಗಿದೆ: 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಅವರೊಬ್ಬರೇ. ಆಟ ಕಂಡುಹಿಡಿದವನೇ ಆಟದಲ್ಲಿ ಸೋತ! ಮೊದಲ ಸಲ ಓದಿದಾಗ ಇದು ತಮಾಷೆ ಅನ್ನಿಸಿತು. ಆಮೇಲೆ ಯೋಚಿಸಿದರೆ ತಮಾಷೆಯಲ್ಲ. ಅವರಿಗೆ ಈ ಆಟ ಆಡಲಿಕ್ಕಿರುವುದು, ಗೆಲ್ಲಿಸಲು ಕಲಿಸುವಂಥದ್ದಲ್ಲ ಅನ್ನೋ ನಂಬಿಕೆ ಇತ್ತು. ಅವರ ಕೈಕೆಳಗೆ ಆಡಿದ ಫಾಗ್ ಅಲೆನ್ ಗುರುವಿನ ಮಾತು ಒಪ್ಪದೆ ಕೋಚ್ ಆದರು, ನೂರಾರು ಪಂದ್ಯ ಗೆದ್ದು ದೊಡ್ಡ ಹೆಸರು ಮಾಡಿದರು. ಗುರು ಅದಕ್ಕೆ ಮುನಿಸಿಕೊಳ್ಳಲಿಲ್ಲ.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಜಾನ್ ಮೆಕ್‌ಲೆಂಡನ್ ಕಥೆ. 1933ರಲ್ಲಿ ಕಾನ್ಸಾಸ್‌ಗೆ ಬಂದ ಕಪ್ಪು ವಿದ್ಯಾರ್ಥಿ. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಆದರೆ ಕಪ್ಪು ಹುಡುಗರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿರಲಿಲ್ಲ. ಈಜುಕೊಳಕ್ಕೂ ಬಿಡುತ್ತಿರಲಿಲ್ಲ. ನಮ್ಮ ಊರುಗಳ ಬಾವಿ, ಕಲ್ಯಾಣಿಗಳ ಕಥೆ ಗೊತ್ತಿರುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆಗ ಎಪ್ಪತ್ತು ದಾಟಿದ್ದ ನೈಸ್ಮಿತ್ ಆ ಹುಡುಗನಿಗೆ ಮಾರ್ಗದರ್ಶಿಯಾದರು. ಕೋಚಿಂಗ್ ಕಲಿಯುವ ದಾರಿ ತೋರಿಸಿದರು. ತಂಡದಲ್ಲಿ ಒಂದು ದಿನವೂ ಆಡದ ಆ ಹುಡುಗ ಮುಂದೆ ಟೆನೆಸ್ಸಿಯ ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರ ಕೋಚ್ ಆಗಿ 1957, 1958, 1959ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 55–60 ಎಂಬ ಲೆಕ್ಕದಲ್ಲಿ ಇಂಥ ಗೆಲುವುಗಳು ಎಲ್ಲಿ ಸೇರುತ್ತವೆ ಹೇಳಿ?

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರಿತು. ಮೇಷ್ಟ್ರ ಬಳಿ ಹೋಗಿಬರುವಷ್ಟು ಹಣ ಇರಲಿಲ್ಲ. ಅಮೆರಿಕದ ಕೋಚ್‌ಗಳು ಸೇರಿ ಹಣ ಕೂಡಿಸಿ ಕಳಿಸಿದರು. ಫೈನಲ್ ನಡೆದದ್ದು ಬಯಲಿನಲ್ಲಿ, ಮಣ್ಣಿನ ಅಂಕಣದಲ್ಲಿ, ಸುರಿಯುವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ 19, ಕೆನಡಾ 8. ಹುಟ್ಟಿದ ನಾಡು ಸೋತಿತು, ಬದುಕು ಕೊಟ್ಟ ನಾಡು ಗೆದ್ದಿತು. ಪದಕ ಕೊಡುವ ಕೈಗಳು ಮಾತ್ರ ಅವರವೇ. ಮೂರು ವರ್ಷದ ನಂತರ, 1939ರ ನವೆಂಬರ್ 28ರಂದು, ಕಾನ್ಸಾಸ್‌ನ ಲಾರೆನ್ಸ್ ಪಟ್ಟಣದಲ್ಲಿ 78ನೇ ವಯಸ್ಸಿಗೆ ತೀರಿಕೊಂಡರು. ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಆ 13 ನಿಯಮಗಳ ಎರಡು ಹಾಳೆ 2010ರಲ್ಲಿ 40 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹರಾಜಾದವು.

ಇಷ್ಟು ತಿಳಿದ ಮೇಲೆ ನಾನು ಆಟಗಾರರನ್ನು ನೋಡುವ ರೀತಿಯೇ ಬದಲಾಯಿತು. ಮೊದಲು ಯಾರು ಎಷ್ಟು ಎತ್ತರ ಹಾರುತ್ತಾರೆ, ಯಾರು ರಿಂಗ್ ಹಿಡಿದು ಜೋತಾಡುತ್ತಾರೆ ಅಂತ ನೋಡುತ್ತಿದ್ದೆ. ಈಗ ಕೈಬೆರಳು ನೋಡುತ್ತೇನೆ. ಸ್ಟೀಫನ್ ಕರಿ ದೂರದಿಂದ ಎಸೆದ ಚೆಂಡು ಮೇಲೇರುವ ಕಮಾನು ನೋಡುತ್ತೇನೆ. ರಿಂಗಿನ ಅಗಲ 18 ಇಂಚು, ಚೆಂಡಿನದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಡ್ಡಡ್ಡ ಬಂದ ಚೆಂಡಿಗೆ ಆ ಬಾಯಿ ಕಿರಿದಾಗುತ್ತದೆ, ಮೇಲಿನಿಂದ ಇಳಿದ ಚೆಂಡಿಗೆ ಅಗಲವಾಗುತ್ತದೆ. ಬಂಡೆ ಆಟದ ಗುಟ್ಟು ಇದೇ ಅಲ್ಲವೇ? ಇನ್ನು ಮಗ್ಸಿ ಬೋಗ್ಸ್. ಐದು ಅಡಿ ಮೂರು ಇಂಚು, ನನಗಿಂತ ಒಂದೇ ಇಂಚು ಎತ್ತರ. ಆದರೂ ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ಒಂದು ವರ್ಷವಂತೂ ಏಳು ಅಡಿ ಏಳು ಇಂಚಿನ ಮನೂಟ್ ಬೋಲ್ ಅವರದೇ ತಂಡದಲ್ಲಿದ್ದರು. ಎತ್ತರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎತ್ತರ ಇದ್ದವರಿಗೆ ಅನುಕೂಲ ಖಂಡಿತ ಇದೆ. ಆದರೆ ಟೇಪು ಹಿಡಿದು ಅಳೆಯಲಾಗದ ಪ್ರತಿಭೆಯೂ ಇದೆ. ಗುರಿ, ಹದ, ಜೊತೆಗಾರ ಎಲ್ಲಿದ್ದಾನೆ ಅನ್ನೋ ಅರಿವು. ಆ ಆಟ ಕಟ್ಟಿದ ಮೇಷ್ಟ್ರು ಮೊದಲ ದಿನವೇ ಇವುಗಳಿಗೆ ಜಾಗ ಇಟ್ಟಿದ್ದರು.

ನಾನು ಬೋಗ್ಸ್ ಆಗಲಾರೆ, ಅದು ಗೊತ್ತು. ಇನ್ನು ಆಟಗಾರ್ತಿಯಾಗುವ ವಯಸ್ಸೂ ದಾಟಿತು. ಆದರೆ ಮೇಷ್ಟ್ರಾಗುವ ವಯಸ್ಸು ದಾಟಿಲ್ಲ.

ಹೋದ ತಿಂಗಳು ಬಿ.ಪಿ.ಇಡಿ. ಅರ್ಜಿ ತುಂಬಿದೆ. ಎರಡು ವರ್ಷದ ಕೋರ್ಸು, ದೈಹಿಕ ಪರೀಕ್ಷೆಯೂ ಇರುತ್ತದೆ. ಕೆಲಸ ಸಿಕ್ಕೇ ಸಿಗುತ್ತದೆ ಅನ್ನೋ ಭ್ರಮೆ ಇಲ್ಲ. ಎಫ್‌ಡಿಎ ಪುಸ್ತಕಗಳನ್ನು ಮಾರಿಯೂ ಇಲ್ಲ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅಪ್ಪ ಏನೂ ಹೇಳಲಿಲ್ಲ, ಅರ್ಜಿ ಶುಲ್ಕದ ದುಡ್ಡನ್ನು ದೇವರ ಗೂಡಿನಲ್ಲಿಟ್ಟು ಹೊಲಕ್ಕೆ ಹೋದರು. ಆನಿಯ ಹಾಗೆ ಅಮ್ಮನೂ ಕೊನೆಯವರೆಗೆ ಒಪ್ಪದೆ ಇರಬಹುದು. ಆ ಭಯ ಇದೆ. ಭಯ ಇಟ್ಟುಕೊಂಡೇ ತುಂಬಿದೆ.

ಈಗ ಭಾನುವಾರ ಬೆಳಿಗ್ಗೆ ಊರಿನ ಏಳು ಹುಡುಗಿಯರು ಕಣದ ಹತ್ತಿರ ಬರುತ್ತಾರೆ. ಹಳೇ ಮಂಕರಿ ಮಳೆಗೆ ಕೊಳೆತಿತ್ತು, ಹೊಸದು ಕಟ್ಟಿದ್ದೇನೆ. ಟೇಪು ಹಿಡಿದು ಅಳೆದೆ, ಹುಡುಗಿಯರನ್ನಲ್ಲ, ಬುಟ್ಟಿಯನ್ನು. ಸರಿಯಾಗಿ ಹತ್ತು ಅಡಿ. ಅವರಲ್ಲಿ ಎಲ್ಲರಿಗಿಂತ ಕುಳ್ಳಿ ಆರನೇ ಕ್ಲಾಸಿನವಳು. ಮೂರು ವಾರ ಒಂದೂ ಬುಟ್ಟಿಗೆ ಹಾಕಿರಲಿಲ್ಲ, ಜೋರಾಗಿ ಎಸೆಯುತ್ತಿದ್ದಳು. ಬಂಡೆಯ ಮೇಲಿನ ಕಲ್ಲಿನ ಆಟವನ್ನು ಅವಳಿಗೆ ಆಡಿ ತೋರಿಸಿದೆ. ಹೋದ ಭಾನುವಾರ ಮೆಲ್ಲಗೆ, ಮೇಲಕ್ಕೆತ್ತಿ ಎಸೆದಳು. ಚೆಂಡು ಬೇವಿನ ಎಲೆಗಳಿಗೆ ತಾಗಿ, ಮಂಕರಿಯೊಳಗಿಂದ ಇಳಿದು, ಅವಳ ಕಾಲ ಹತ್ತಿರವೇ ಬಂದು ಬಿತ್ತು.